ಕೋವಿಗಳು ಠಾಣೆಯಲ್ಲಿದ್ದ ಬೇಸಿಗೆ

ಇಲ್ಲ, ಕೋವಿಯ ಬಾಯಿ ನನ್ನ ಗಲ್ಲಕ್ಕೆ ತಾಗುತ್ತಿರಲಿಲ್ಲವೇನೋ. ದೊಡ್ಡಪ್ಪನ ಮೊಪೆಡ್ಡಿನ ಹಿಂದೆ ನಾನು ಕೂತಿದ್ದೆ, ನಮ್ಮಿಬ್ಬರ ನಡುವೆ ಹಳೇ ಜಮಖಾನದಲ್ಲಿ ಸುತ್ತಿದ ಕೋವಿ ನೆಟ್ಟಗೆ ನಿಂತಿತ್ತು, ಹೊಂಡ ಬಂದಾಗಲೆಲ್ಲ ಅದರ ತುದಿ ನನ್ನ ಗಲ್ಲವನ್ನು ಕುಟ್ಟುತ್ತಿತ್ತು ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಮೊನ್ನೆ ಸುಮ್ಮನೆ ಅಳತೆ ಹಾಕಿದೆ. ಹತ್ತು ವರ್ಷದ ಹುಡುಗಿಯ ಎತ್ತರ, ಮೊಪೆಡ್ಡಿನ ಎತ್ತರ, ಹಳೇ ಕಾಲದ ಕೇಪಿನ ಕೋವಿಯ ಉದ್ದ. ಲೆಕ್ಕದ ಪ್ರಕಾರ ಕೋವಿ ನನ್ನ ತಲೆಗಿಂತ ಒಂದು ಗೇಣು ಮೇಲೆ ಹೋಗಬೇಕು. ಹಾಗಾದರೆ ಗಲ್ಲಕ್ಕೆ ಕುಟ್ಟಿದ್ದು ಏನು? ದೊಡ್ಡಪ್ಪನ ಹೆಗಲಿರಬಹುದು. ಅಥವಾ ಏನೂ ಕುಟ್ಟಲಿಲ್ಲ; ಆಮೇಲೆ ನಡೆದದ್ದರಿಂದಾಗಿ ನಾನೇ ಕೋವಿಯನ್ನು ಗಲ್ಲದ ಹತ್ತಿರ ತಂದುಕೊಂಡಿರಬಹುದು.

ಅಂತೂ ಅದು ಬೇಸಿಗೆ, ಅಂತೂ ಅದು ಚುನಾವಣೆ. ಇವೆರಡರಲ್ಲಿ ನನಗೆ ಅನುಮಾನವಿಲ್ಲ. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಈಗಲೂ ಹಾಗೇ. ಕೋವಿಯ ಹಿಡಿಗೆ ದಾರ ಕಟ್ಟಿ, ಹೆಸರಿನ ಚೀಟಿ ತೂಗಿಬಿಟ್ಟು, ಒಳಗಿನ ಕೋಣೆಯಲ್ಲಿ ಗೋಡೆಗೆ ಸಾಲಾಗಿ ಒರಗಿಸಿಡುತ್ತಾರೆ. ಮತ ಎಣಿಕೆ ಮುಗಿದ ಮೇಲೆ ವಾಪಸು. ಆ ಒಂದೂವರೆ ಎರಡು ತಿಂಗಳು ನಮ್ಮ ಕಡೆಯ ರೈತರ ಮನೆಗಳಲ್ಲಿ ಕೋವಿಯ ಗೂಟ ಖಾಲಿ. ಹಂದಿಗಳಿಗೆ ಹಬ್ಬ.

ನಮ್ಮ ಮನೆ ಶಿವಮೊಗ್ಗದ ಹೊಸಮನೆಯಲ್ಲಿತ್ತು. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್. ಅವರಿಗೆ ಕೋವಿಯೂ ಇರಲಿಲ್ಲ, ಜಮೀನೂ ಇರಲಿಲ್ಲ. ಎರಡೂ ಇದ್ದದ್ದು ಅವರ ಅಣ್ಣ ಚಂದ್ರಪ್ಪನವರಿಗೆ, ಅಂದರೆ ನನ್ನ ದೊಡ್ಡಪ್ಪನಿಗೆ. ಭದ್ರಾವತಿ ರಸ್ತೆಯಿಂದ ಒಳಗೆ, ಕಾಲುವೆ ಪಕ್ಕದ ಊರು. ಗದ್ದೆ, ಸ್ವಲ್ಪ ಕಬ್ಬು, ಸ್ವಲ್ಪ ಮುಸುಕಿನ ಜೋಳ. ಬೆಳೆ ಕಾಯಲಿಕ್ಕೆಂದು ಅಜ್ಜನ ಕಾಲದಿಂದ ಬಂದ ಒಂಟಿ ನಳಿಗೆಯ ಕೇಪಿನ ಕೋವಿ. ಶಿಕಾರಿಯನ್ನು ಸರ್ಕಾರ ನಿಲ್ಲಿಸಿ ಆಗಲೇ ಬಹಳ ಕಾಲವಾಗಿತ್ತು. ಆದರೆ ಮಾತಿನಲ್ಲಿ ಅದು ಪ್ರತಿ ಭಾನುವಾರ ನಡೆಯುತ್ತಿತ್ತು, ರಹೀಮ್ ಸಾಬರ ಸೈಕಲ್ ಶಾಪಿನಲ್ಲಿ.

ಆ ಶಾಪು ನಮ್ಮ ಮನೆಯಿಂದ ನಾಲ್ಕನೇ ಕಟ್ಟಡ. ಮುಂದೆ ಪಂಕ್ಚರ್, ಹಿಂದೆ ಒಂದು ತಗಡಿನ ಚಪ್ಪರ. ಚಪ್ಪರದ ಕೆಳಗೆ ರಹೀಮ್ ಸಾಬರು ಏರ್‌ಗನ್ನಿನ ಸ್ಪ್ರಿಂಗ್ ಬದಲಾಯಿಸುತ್ತಿದ್ದರು, ಸೀಳಿದ ಮರದ ಹಿಡಿಗೆ ಅರಗು ತುಂಬುತ್ತಿದ್ದರು. ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ನಿನ ವಾಸನೆ, ಗ್ರೀಸಿನ ವಾಸನೆ, ಪಕ್ಕದ ಅಂಗಡಿಯಿಂದ ತರಿಸಿದ ಮಂಡಕ್ಕಿ ಮೆಣಸಿನಕಾಯಿಯ ಎಣ್ಣೆ ವಾಸನೆ. ಅಲ್ಲಿ ಸೇರುತ್ತಿದ್ದವರು ನಾಲ್ಕೇ ಜನ: ರಹೀಮ್ ಸಾಬರು, ಅಪ್ಪ, ಊರಿಂದ ಬರುತ್ತಿದ್ದ ದೊಡ್ಡಪ್ಪ, ಮತ್ತೆ ಭದ್ರಾವತಿಯಿಂದ ಬಸ್ಸು ಹತ್ತಿ ಬರುತ್ತಿದ್ದ ಸೆಲ್ವಂ ಮಾಮ. ಸೆಲ್ವಂ ಮಾಮ ಅಪ್ಪನ ಜೊತೆ ಅದೇ ಕಾರ್ಖಾನೆಯಲ್ಲಿದ್ದರು. ಅವರದು ಕೋವಿಯಲ್ಲ, ಗಾಳ. ಭದ್ರಾ ಹೊಳೆಯ ಮೀನುಗಳ ಉದ್ದವನ್ನು ಅವರು ಕೈಚಾಚಿ ತೋರಿಸುವಾಗ ನಾವು ಪಕ್ಕಕ್ಕೆ ಸರಿದು ಜಾಗ ಮಾಡಿಕೊಡಬೇಕಾಗಿತ್ತು. ಐದನೆಯವಳು ನಾನು. ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಎಲ್ಲರೂ ರಾಗಿಗುಡ್ಡದ ಬೋಳು ಇಳಿಜಾರಿಗೆ ಹೋಗಿ ಏರ್‌ಗನ್ನಿನಲ್ಲಿ ಬೆಂಕಿಪೊಟ್ಟಣ ಹೊಡೆಯುತ್ತಿದ್ದೆವು. ಪೊಟ್ಟಣವನ್ನು ಅಡ್ಡ ನಿಲ್ಲಿಸಿದರೆ ಮಕ್ಕಳಾಟ, ಉದ್ದ ನಿಲ್ಲಿಸಿದರೆ ಲೆಕ್ಕ. ನಾನು ಉದ್ದ ನಿಲ್ಲಿಸಿದ್ದನ್ನೂ ಹೊಡೆಯುತ್ತಿದ್ದೆ. ಇದು ಮಾತ್ರ ನೆನಪಿನ ಬಡಾಯಿ ಅಲ್ಲ ಎಂದುಕೊಂಡಿದ್ದೇನೆ.

ಆ ಶಾಪಿನಲ್ಲಿ ಒಂದು ಕಟ್ಟಳೆಯಿತ್ತು. ಯಾರಾದರೂ ಕಥೆ ಹೇಳುತ್ತಿದ್ದರೆ, ಹೇಳುವವರ ಚಹಾ ಮುಗಿಯುವ ತನಕ ಅದನ್ನು ಸುಳ್ಳು ಅನ್ನುವ ಹಾಗಿಲ್ಲ. ಲೋಟ ಕೆಳಗಿಟ್ಟ ಮೇಲೆ ಯಾರು ಏನು ಬೇಕಾದರೂ ಅನ್ನಬಹುದು. ದೊಡ್ಡಪ್ಪ ಚಹಾವನ್ನು ಬಸಿಗೆ ಹೊಯ್ದು, ಊದಿ ಊದಿ, ಅರ್ಧ ಗಂಟೆ ಕುಡಿಯುತ್ತಿದ್ದರು. ಅಜ್ಜ ಹೊಡೆದ ಹಂದಿ ಆ ಅರ್ಧ ಗಂಟೆಯ ಕಥೆಯಲ್ಲಿ ಒಂದು ವಾರ ಕಾಲುವೆ ಈ ಕಡೆ ಸಾಯುತ್ತಿತ್ತು, ಇನ್ನೊಂದು ವಾರ ಆ ಕಡೆ. ಯಾಕೆ ಹೀಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಕಥೆ ಬದಲಾಗುವುದೇ ಅಲ್ಲಿಯ ರುಚಿ. ಈಗ ಯೋಚಿಸಿದರೆ ಅನ್ನಿಸುತ್ತದೆ, ದೊಡ್ಡಪ್ಪನಿಗೆ ಮರೆವು ಶುರುವಾದದ್ದು ನಮಗೆ ಗೊತ್ತಾಗದೆ ಇದ್ದದ್ದು ಅದಕ್ಕೇ. ಎಲ್ಲರೂ ಬೇಕೆಂದೇ ತಪ್ಪು ಹೇಳುವ ಜಾಗದಲ್ಲಿ ನಿಜವಾಗಿ ತಪ್ಪಿದವನು ಕಾಣಿಸುವುದಿಲ್ಲ.

ಆ ಸಲ ಚುನಾವಣೆ ಘೋಷಣೆಯಾದಾಗ ನಾನು ಬೇಸಿಗೆ ರಜೆಗೆ ದೊಡ್ಡಪ್ಪನ ಮನೆಯಲ್ಲಿದ್ದೆ. ದೊಡ್ಡಮ್ಮ ಹರಿಹರಕ್ಕೆ ಮದುವೆಗೆ ಹೋಗಿದ್ದರು. ಮನೆಯಲ್ಲಿ ನಾನು, ದೊಡ್ಡಪ್ಪ, ಎರಡು ಎಮ್ಮೆ. ಗುರುವಾರ ಬೆಳಗ್ಗೆ ದೊಡ್ಡಪ್ಪ ಕೋವಿ ಒರೆಸಿ ಜಮಖಾನ ಸುತ್ತಿದರು. ನನ್ನನ್ನು ಹಿಂದೆ ಕೂರಿಸಿಕೊಂಡು ಠಾಣೆಗೆ ಹೋಗಿ ಅದನ್ನು ಒಪ್ಪಿಸಿದರು. ಅಲ್ಲಿಂದ ಹಾಗೇ ನನ್ನನ್ನು ಹೊಸಮನೆಗೆ ತಂದು ಬಿಟ್ಟರು. ಅಷ್ಟೆ. ಆ ದಿನ ಅದರಲ್ಲಿ ಏನೂ ವಿಶೇಷವಿರಲಿಲ್ಲ.

ವಿಶೇಷ ಶುರುವಾದದ್ದು ಭಾನುವಾರ.

"ಹೆಂಗಿದೆ ಗೌಡ್ರೆ, ಕೋವಿ ಇಲ್ದಿರೋ ಮನೆ?" ಸೆಲ್ವಂ ಮಾಮ ದೊಡ್ಡಪ್ಪನನ್ನು ಕೆಣಕಿದರು.

"ಹೆಂಗಿರುತ್ತೆ ಮಾರಾಯ. ನಿನ್ನೆ ಸಂಜೆ ಹಂದಿ ಬಂತು. ನನ್ನ ಮುಖ ನೋಡ್ತು. ಕೂತ್ಕೊಂಡು ಜೋಳ ತಿಂತು. ಪೇಪರ್ ಓದಿರುತ್ತೆ ಅದು."

"ಅರೆ, ಹಂದಿಗೆ ಮೊದ್ಲು ನೋಟೀಸ್ ಹೋಗುತ್ತೆ, ಆಮೇಲೆ ತಹಸೀಲ್ದಾರ್ ಸಾಹೇಬ್ರಿಗೆ," ಅಂದರು ರಹೀಮ್ ಸಾಬರು.

"ನಂದೇ ಆರಾಮು ಸ್ವಾಮಿ. ಗಾಳಕ್ಕೆ ಲೈಸೆನ್ಸೂ ಬೇಡ, ಎಲೆಕ್ಷನ್ನೂ ಬೇಡ."

"ನಿಂಗೆ ಮೀನೂ ಬೇಡ ಬಿಡು," ಅಪ್ಪ ಅಂದರು. ಅಪ್ಪ ಕಡಿಮೆ ಮಾತಿನವರು, ಆಡಿದರೆ ಹೀಗೆ.

ರಹೀಮ್ ಸಾಬರಿಗೆ ಆಗ ಒಂದು ಕಥೆ ನೆನಪಾಯಿತು. ಅವರ ಮಾಮನೊಬ್ಬರು ಹಜ್ ಯಾತ್ರೆಗೆ ಹೋಗುವ ಅವಸರದಲ್ಲಿ ತುಂಬಿದ ಕೋವಿಯನ್ನೇ ಗೋಡೆಗೆ ನೇತುಹಾಕಿ ಹೋದರಂತೆ. "ಮೂರು ತಿಂಗಳು! ಮನೆ ಹೆಂಗಸ್ರೆಲ್ಲ ಅದರ ಮೇಲೇ ಒದ್ದೆ ಬಟ್ಟೆ ಒಣಗಿ ಹಾಕ್ತಿದ್ರು. ಮಾಮ ವಾಪಸ್ ಬಂದು ಗಜ ಹಾಕಿ ನೋಡ್ತಾರೆ, ಗಜ ಮೇಲೇ ನಿಂತುಬಿಡ್ತು. ಅವತ್ತು ಬೆವೆತಷ್ಟು ಅವರು ಅರಬ್ಬಿನಲ್ಲೂ ಬೆವೆತಿರ್ಲಿಲ್ಲ."

ಕೋವಿ ನೋಡದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಕೇಪಿನ ಕೋವಿಗೆ ತೋಟಾ ಹಾಕಿ ತೆಗೆಯುವ ಅನುಕೂಲವಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸೀಸದ ಚರೆ ಹಾಕಿ, ಮತ್ತೆ ನಾರು ತುರುಕಿ, ಗಜವೆಂಬ ಉದ್ದ ಕೋಲಿನಿಂದ ಜಡಿಯಬೇಕು. ಹಂದಿ ಬಂದಾಗ ಇಷ್ಟೆಲ್ಲ ಮಾಡುತ್ತ ಕೂರಲಿಕ್ಕಾಗುವುದಿಲ್ಲ. ಆದ್ದರಿಂದ ಬೆಳೆಯ ಕಾಲದಲ್ಲಿ ಕೋವಿ ಸದಾ ತುಂಬಿಯೇ ಇರುತ್ತದೆ, ಕಿಡಿ ಹೊತ್ತಿಸುವ ಕೇಪು ಮಾತ್ರ ಬೇರೆ ಡಬ್ಬಿಯಲ್ಲಿ. ಠಾಣೆಗೆ ಕೊಡುವ ದಿನ ಮೊದಲು ಹಿತ್ತಲಲ್ಲಿ ಆಕಾಶಕ್ಕೆ ಒಂದು ಈಡು ಹೊಡೆದು ನಳಿಗೆ ಖಾಲಿ ಮಾಡಬೇಕು. ಅದಕ್ಕೆ ಈಡು ಬಿಡುವುದು ಅನ್ನುತ್ತಿದ್ದರು. ಖಾಲಿಯೋ ಅಲ್ಲವೋ ತಿಳಿಯುವುದು ಗಜದಿಂದಲೇ. ತಳದ ತನಕ ಇಳಿದರೆ ಖಾಲಿ. ನಾಲ್ಕು ಬೆರಳು ಮೇಲೆ ನಿಂತರೆ ಒಳಗೆ ಈಡು ಇದೆ.

ನಾವೆಲ್ಲ ನಗುತ್ತಿದ್ದಾಗ ದೊಡ್ಡಪ್ಪ ಬಸಿಯನ್ನು ಕೆಳಗಿಟ್ಟರು. ಅದರಲ್ಲಿ ಇನ್ನೂ ಚಹಾ ಇತ್ತು.

"ನಾಗೂ," ಅಂದರು ಅಪ್ಪನಿಗೆ. "ನಾನು ಗುರುವಾರ ಈಡು ಬಿಟ್ನೇನೋ?"

"ಬಿಟ್ಟಿರ್ತೀಯ ಬಿಡಣ್ಣ. ಪ್ರತಿ ಸಲ ಬಿಡಲ್ವಾ."

"ಪ್ರತಿ ಸಲದ್ದು ನೆನಪಿದೆ. ಈ ಸಲದ್ದು ಇಲ್ಲ."

ದೊಡ್ಡಪ್ಪನಿಗೆ ಹೆದರಿಕೆಯಾದದ್ದು ಠಾಣೆಗಲ್ಲ, ಲೈಸೆನ್ಸಿಗಲ್ಲ. ಅದು ನನಗೆ ಆಗಲೇ ಗೊತ್ತಾಯಿತು, ಯಾಕೆಂದರೆ ಅವರು ನನ್ನನ್ನು ನೋಡುತ್ತಿದ್ದರು.

"ಈ ಮಗು ಅದನ್ನ ತಬ್ಕೊಂಡು ಕೂತಿತ್ತಲ್ಲೋ ನಾಗೂ. ದಾರಿ ಪೂರ್ತಿ."

"ಕೇಪ್ ಇರ್ಲಿಲ್ವಲ್ಲ ಗೌಡ್ರೆ," ರಹೀಮ್ ಸಾಬರು ಅಂದರು. "ಕೇಪ್ ಇಲ್ದೆ ಏನಾಗುತ್ತೆ?"

"ಕೇಪ್ ತೆಗೆದಿದ್ದೆ ಅಂತ ಯಾರು ಹೇಳಿದ್ರು ನಿಮ್ಗೆ?"

ದೊಡ್ಡಪ್ಪ ನನ್ನ ಕಡೆ ಬಗ್ಗಿದರು. "ಶೈಲೂ, ಮನೇಲಿ ನೀನೊಬ್ಳೇ ಇದ್ದಿದ್ದು. ನಾನು ಹಿತ್ಲಿಗೆ ಹೋಗಿ ಈಡು ಬಿಟ್ನೇನೇ? ಕೇಳ್ತಾ ನಿಂಗೆ?"

ನಾಲ್ಕು ದೊಡ್ಡವರ ಮುಖಗಳು ನನ್ನ ಮೇಲೆ.

"ಹೂಂ ದೊಡ್ಡಪ್ಪ," ಅಂದೆ. "ಬಿಟ್ರಿ. ಢಂ ಅಂತು. ನಾನು ಕೇಳಿದೆ."

ದೊಡ್ಡಪ್ಪ ಉಸಿರು ಬಿಟ್ಟ ರೀತಿಯನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ. ಸೈಕಲ್ ಟ್ಯೂಬಿನ ವಾಲ್ವು ತೆಗೆದ ಹಾಗೆ. ಬಸಿಯನ್ನು ಮತ್ತೆ ಎತ್ತಿಕೊಂಡು ಉಳಿದ ಚಹಾ ಕುಡಿದರು. "ಥೂ ನಿಮ್ಮ, ಹೆದರಿಸಿಬಿಟ್ರಲ್ಲೋ," ಎಂದು ರಹೀಮ್ ಸಾಬರನ್ನು ಬೈದರು. ಎಲ್ಲರೂ ಅಗತ್ಯಕ್ಕಿಂತ ಜೋರಾಗಿ ನಕ್ಕರು.

ನಾನು ಕೇಳಿದ್ದೆನೆ?

ಆ ಬೆಳಗ್ಗೆ ಒಂದು ಢಂ ಇತ್ತು. ಅದು ಖಂಡಿತ. ಆದರೆ ಆ ವಾರವೆಲ್ಲ ಊರಿನಲ್ಲಿ ಢಂಗಳೇ. ಯಾರಿಗೋ ಟಿಕೆಟ್ ಸಿಕ್ಕಿತೆಂದು ಪಟಾಕಿ, ಯಾರದೋ ಜೋಳದ ಹೊಲದಲ್ಲಿ ಗಿಳಿ ಓಡಿಸಲು ಪಟಾಕಿ. ಸುಟ್ಟ ವಾಸನೆಯೂ ಇತ್ತು. ಆದರೆ ಅದೇ ಬೆಳಗ್ಗೆ ದೊಡ್ಡಪ್ಪ ಒಲೆಯ ಮೇಲೆ ಅನ್ನಕ್ಕಿಟ್ಟು ಮರೆತು, ಪಾತ್ರೆಯ ತಳ ಕಪ್ಪಾಗಿ, ನಾವಿಬ್ಬರೂ ಮೇಲಿನ ಅನ್ನವನ್ನಷ್ಟೇ ಕೆರೆದು ಮೊಸರು ಕಲಸಿ ತಿಂದಿದ್ದೆವು. ನಾನು ಎಲ್ಲಿದ್ದೆ ಆಗ? ಜಗುಲಿಯಲ್ಲಿ ಎಂದು ಒಮ್ಮೆ, ಎಮ್ಮೆ ಕೊಟ್ಟಿಗೆಯಲ್ಲಿ ಎಂದು ಒಮ್ಮೆ ನೆನಪು ಬರುತ್ತದೆ. ಹಿತ್ತಲ ಬಾಗಿಲು ಎರಡು ಕಡೆಯಿಂದಲೂ ಕಾಣುವುದಿಲ್ಲ. ಹೀಗಿರುವಾಗ ಹೂಂ ಅಂದದ್ದು ಸುಳ್ಳೋ? ಸುಳ್ಳು ಅನ್ನಲಿಕ್ಕೆ ನನಗೆ ನಿಜ ಗೊತ್ತಿರಬೇಕಲ್ಲ.

ಮುಂದಿನ ಭಾನುವಾರ ದೊಡ್ಡಪ್ಪ ಬಂದರು, ಚಹಾ ಹೊಯ್ದುಕೊಂಡರು. ಹಂದಿಯ ಮಾತು, ಮೀನಿನ ಮಾತು. ಹಠಾತ್ತನೆ ಬಸಿ ಕೆಳಗಿಟ್ಟು ಅಪ್ಪನ ಕಡೆ ತಿರುಗಿದರು.

"ನಾಗೂ, ನಾನು ಆವತ್ತು ಈಡು ಬಿಟ್ನೇನೋ?"

ಅದೇ ದನಿ, ಅದೇ ಹೆದರಿಕೆ. ಹೋದ ವಾರ ಕೇಳಿದ್ದರ ಒಂದು ಗುರುತೂ ಅವರ ಮುಖದಲ್ಲಿರಲಿಲ್ಲ. ಸೆಲ್ವಂ ಮಾಮ ಗಾಳದ ದಾರವನ್ನು ಬೆರಳಿಗೆ ಸುತ್ತುತ್ತ ಸುತ್ತುತ್ತ ನಿಲ್ಲಿಸಿಬಿಟ್ಟರು.

ಅಪ್ಪ ಏನಾದರೂ ಅನ್ನುವ ಮೊದಲು ನಾನೇ ಶುರುಮಾಡಿದೆ. "ಬಿಟ್ರಿ ದೊಡ್ಡಪ್ಪ. ಕಾಲುವೆ ಕಡೆ ಮುಖ ಮಾಡಿ ಬಿಟ್ರಿ. ಗದ್ದೇಲಿದ್ದ ಬೆಳ್ಳಕ್ಕಿ ಎಲ್ಲ ಒಂದೇ ಸಲ ಎದ್ವು. ಎಮ್ಮೆ ಹಗ್ಗ ಜಗ್ತು. ನೀವು 'ಏಯ್ ಸುಮ್ನಿರೇ' ಅಂತ ಎಮ್ಮೆಗೆ ಬೈದ್ರಿ."

"ಬೈದ್ನಾ?" ದೊಡ್ಡಪ್ಪ ನಿಧಾನವಾಗಿ ನಕ್ಕರು. "ಬೈದಿರ್ತೀನಿ. ಆ ಎಮ್ಮೇನೇ ಹಂಗೆ."

"ಭಲೆ," ಅಂದರು ಸೆಲ್ವಂ ಮಾಮ ಮೆಲ್ಲಗೆ. "ನಮ್ ಗುಂಪಿಗೆ ಒಬ್ರು ಸೇರಿದ್ರು ಸ್ವಾಮಿ."

ಅಪ್ಪ ನಗಲಿಲ್ಲ. ಅಪ್ಪ ಕಾರ್ಖಾನೆಯಲ್ಲಿ ಕಬ್ಬಿಣದ ತುಂಡುಗಳನ್ನು ಕೂದಲೆಳೆಯ ಅಳತೆಗೆ ಅರ ಹಾಕಿ ಕೂರಿಸುವವರು. ಮನೆಯಲ್ಲಿ ಚಪಾತಿ ದುಂಡಗಿಲ್ಲದಿದ್ದರೂ ಅವರಿಗೆ ಗೊತ್ತಾಗುತ್ತಿತ್ತು. ಆ ಸಂಜೆ ದೊಡ್ಡಪ್ಪ ಊರಿಗೆ ಹೊರಟ ಮೇಲೆ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು, ಮನೆಗೆ ಹೋಗದೆ, ಸುಮ್ಮನೆ ರಾಗಿಗುಡ್ಡದ ತನಕ ತುಳಿದರು.

"ಎಮ್ಮೆ ಹಗ್ಗ ಜಗ್ಗಿದ್ದು ನೀನು ನೋಡಿದ್ಯಾ?"

"ಇಲ್ಲ."

"ಬೆಳ್ಳಕ್ಕಿ?"

"ಇಲ್ಲ."

"ಶಬ್ದ?"

"ಶಬ್ದ ಕೇಳ್ದೆ ಅಪ್ಪ. ನಿಜವಾಗ್ಲೂ."

"ಕೋವಿದೋ, ಪಟಾಕಿದೋ?"

ನಾನು ಅಳಲು ಶುರುಮಾಡಿದೆ. ಅಪ್ಪ ಸೈಕಲ್ ನಿಲ್ಲಿಸಿದರು. "ಗೊತ್ತಿಲ್ಲ ಅನ್ನೋದು ತಪ್ಪಲ್ಲ ಕಣೇ," ಅಂದರು.

"ಗೊತ್ತಿಲ್ಲ," ಅಂದೆ.

ಅಪ್ಪ ಸೈಕಲ್ಲನ್ನು ಮನೆಯ ಕಡೆ ತಿರುಗಿಸಿದರು. ಆಮೇಲೆ ಅಂದದ್ದು ಇದು: "ಅವನ ಹತ್ರ ಮಾತ್ರ ಹಾಗೆ ಅನ್ಬೇಡ."

ಅವರ ಸಂಕಟ ಏನೆಂದು ಈಗ ಅರ್ಥವಾಗುತ್ತದೆ. ತುಂಬಿದ ಕೋವಿ ಠಾಣೆಯ ಗೋಡೆಗೆ ಒರಗಿಕೊಂಡಿದ್ದರೆ, ಅದನ್ನು ಎತ್ತಿಡುವ ಯಾವನೋ ಬಡಪಾಯಿ ಕಾನ್‌ಸ್ಟೇಬಲ್ಲಿನ ಪ್ರಾಣ. ಬಾಯಿಬಿಟ್ಟು ಹೇಳಿದರೆ ಅಣ್ಣ ಇನ್ನು ಕೋವಿ ಇಡಲು ತಕ್ಕವನಲ್ಲ ಎಂದು ಕಾಗದದ ಮೇಲೆ ಬರೆಯುತ್ತಾರೆ. ಆ ಕಾಗದವನ್ನು ಅಣ್ಣ ಓದುತ್ತಾನೆ. ತಾನು ತಮ್ಮನ ಮಗಳ ಎದೆಗೆ ತುಂಬಿದ ಕೋವಿ ಒರಗಿಸಿದೆ ಎಂದು ಒಂದು ಸಲ ಖಚಿತವಾಗಿ ತಿಳಿದರೆ, ಬೇರೆಲ್ಲ ಮರೆತರೂ ಅದನ್ನು ಮರೆಯದೆ ಇರುತ್ತಾನೆ.

ಉಪಾಯ ರಹೀಮ್ ಸಾಬರದು. ಠಾಣೆಯವರ ಸೈಕಲ್ಲುಗಳ ರಿಪೇರಿಯಿಂದ ಅವರಿಗೆ ಅಲ್ಲಿ ಪರಿಚಯವಿತ್ತು. ಬೇಸಿಗೆಯಲ್ಲೂ ಆ ಕೋಣೆಯ ತೇವಕ್ಕೆ ಕೋವಿಗಳು ತುಕ್ಕು ಹಿಡಿಯುತ್ತವೆ, ಗೌಡರ ಕೋವಿ ಅಜ್ಜನ ಕಾಲದ್ದು, ಒಳಗೆ ಸ್ವಲ್ಪ ಎಣ್ಣೆ ಬಿಟ್ಟು ಬರುತ್ತೇನೆ ಎಂದು ಕೇಳುವುದು. ಹಾಗೇ ಗಜ ಹಾಕಿ ನೋಡುವುದು. ಅಪ್ಪ ಒಂದು ಹಿತ್ತಾಳೆ ಕಂಬಿ ತಂದರು. ಹಿಂದೊಮ್ಮೆ ಆ ಕೋವಿಯ ರಿಪೇರಿಯನ್ನು ಅವರೇ ಮಾಡಿದ್ದರಿಂದ ನಳಿಗೆಯ ಆಳ ಅವರಿಗೆ ಬಾಯಿಪಾಠ. ಕಂಬಿಯ ಮೇಲೆ ಅರದಿಂದ ಒಂದು ಗೆರೆ ಎಳೆದರು. "ಈ ಗೆರೆ ನಳಿಗೆ ಬಾಯಿಗೆ ಬಂತು ಅಂದ್ರೆ ಖಾಲಿ, ಸಾಬ್ರೆ. ಗೆರೆ ಮೇಲೇ ಉಳೀತು ಅಂದ್ರೆ..."

"ಉಳಿದ್ರೂ ಎಣ್ಣೆ ಹೋಗುತ್ತಲ್ಲ ಫಿಟ್ಟರ್ ಸಾಬ್. ಮದ್ದು ನೆಂದ್ರೆ ಮಣ್ಣು. ನೀವು ಚಿಂತೆ ಬಿಡಿ."

ದೊಡ್ಡಪ್ಪನಿಗೆ ಹೇಳದೆ ಹೋಗಬೇಕೆಂದಿದ್ದರು. ಆದರೆ ಲೈಸೆನ್ಸಿನ ಪುಸ್ತಕ ಅವರ ಹತ್ತಿರ, ಸಹಿಯೂ ಅವರದೇ ಬೇಕು. ಎಣ್ಣೆ ಹಾಕಲಿಕ್ಕೆ ಎಂದು ಕರೆತಂದರು. ಎಣ್ಣೆಯ ಮಾತು ದೊಡ್ಡಪ್ಪ ನಂಬಿದರೋ ಏನೋ. ದಾರಿಯಲ್ಲಿ ನನ್ನ ಕೈ ಬಿಡಲಿಲ್ಲ.

ಠಾಣೆಯ ದಾಖಲೆ ಬರೆಯುವ ರೈಟರ್ ನಮ್ಮಲ್ಲಿ ಒಬ್ಬರನ್ನೇ ಒಳಗೆ ಬಿಟ್ಟರು. ರಹೀಮ್ ಸಾಬರು ಎಣ್ಣೆ ಡಬ್ಬಿ, ಕಂಬಿ ಹಿಡಿದು ಹೋದರು. ನಾವು ಮೂವರೂ ಹೊರಗೆ ಹೊಂಗೆ ಮರದ ಕಟ್ಟೆಯ ಮೇಲೆ. ಮಧ್ಯಾಹ್ನ ಹನ್ನೆರಡಿರಬೇಕು, ಹೊಂಗೆ ಹೂ ಉದುರಿ ಕಟ್ಟೆಯೆಲ್ಲ ಬೆಳ್ಳಗೆ. ಒಂದು ಪಕ್ಷದ ಜೀಪು ಮೈಕಿನಲ್ಲಿ ಕೂಗುತ್ತ ಹೋಯಿತು.

"ಶೈಲೂ," ದೊಡ್ಡಪ್ಪ ನನ್ನ ಕಡೆ ಬಗ್ಗಿದರು. "ನಾನು ಆವತ್ತು ಈಡು ಬಿಟ್ನೇನೇ?"

ಅಪ್ಪ ಅಲ್ಲೇ ಇದ್ದರು. ಈಗ ಅವರಿಗೆ ನನ್ನ ನಿಜ ಗೊತ್ತಿತ್ತು. ನಾನು ಅವರ ಮುಖ ನೋಡಿದೆ. ಅವರು ರಸ್ತೆ ನೋಡುತ್ತಿದ್ದರು.

"ಬಿಟ್ರಿ ದೊಡ್ಡಪ್ಪ," ಎಂದು ಮತ್ತೆ ಮೊದಲಿಂದ ಹೇಳಿದೆ. ಕಾಲುವೆ, ಬೆಳ್ಳಕ್ಕಿ, ಎಮ್ಮೆ. ಈ ಸಲ ಹೊಗೆಯನ್ನೂ ಸೇರಿಸಿದೆ. ಹೊಗೆ ಬೇಲಿಯ ಮೇಲೆ ಸ್ವಲ್ಪ ಹೊತ್ತು ನಿಂತು ಹೋಯಿತು ಅಂದೆ. ದೊಡ್ಡಪ್ಪ ತಲೆಯಾಡಿಸುತ್ತ ಕೇಳಿದರು. "ಕೇಪು ನೀವು ಡಬ್ಬೀಲಿ ಹಾಕಿ, ಡಬ್ಬೀನ ದೇವರ ಗೂಡಿನಲ್ಲಿ ಇಟ್ರಿ," ಎಂದೂ ಹೇಳಿದೆ. ಅಷ್ಟು ಹೇಳುವಾಗ ನನ್ನ ಕಣ್ಣಿಗೆ ಅದೆಲ್ಲ ಕಾಣುತ್ತಿತ್ತು. ತಮಾಷೆಯೆಂದರೆ ಈಗಲೂ ಕಾಣುತ್ತದೆ.

ರಹೀಮ್ ಸಾಬರು ಹೊರಗೆ ಬರಲು ಹದಿನೈದು ನಿಮಿಷವಾಯಿತು. ಅಥವಾ ನನಗೆ ಹಾಗನ್ನಿಸಿತು. ಮೆಟ್ಟಿಲಿಳಿಯುವ ಮೊದಲೇ ಅಲ್ಲಿಂದ ಕೂಗಿದರು: "ಪೂರ್ತಿ ಇಳೀತು ಗೌಡ್ರೆ! ಟಣ್ ಅಂತು!"

ದೊಡ್ಡಪ್ಪ ಎದ್ದು ನಿಂತು ನಕ್ಕರು. ಟವೆಲಿನಿಂದ ಮುಖ ಒರೆಸಿಕೊಂಡರು, ಕಣ್ಣನ್ನೂ ಒರೆಸಿಕೊಂಡರು. ನನ್ನ ತಲೆಯ ಮೇಲೆ ಕೈಯಿಟ್ಟರು. "ನನ್ನ ಮಗ್ಳು ಹೇಳಿರ್ಲಿಲ್ವಾ? ಇವಳು ನೋಡಿದಾಳಲ್ಲೋ!"

ಎಣ್ಣೆ ಡಬ್ಬಿ ಖಾಲಿಯಾಗಿತ್ತು. ಖಾಲಿ ನಳಿಗೆಗೆ ಅಷ್ಟು ಎಣ್ಣೆ ಬೇಡ. ಆದರೆ ಡಬ್ಬಿ ಹೋಗುವಾಗ ತುಂಬಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ರಹೀಮ್ ಸಾಬರು ಕಂಬಿಯನ್ನು ಅಪ್ಪನಿಗೆ ಕೊಟ್ಟರು. ಅಪ್ಪ ಅದರ ತುದಿ ನೋಡಿದರು. ಕರ್ಚೀಫಿನಿಂದ ಒರೆಸಿದರು, ಕರ್ಚೀಫು ಕಪ್ಪಾಯಿತು. ಹಳೇ ಕೋವಿಯ ನಳಿಗೆಯಲ್ಲಿ ಕಪ್ಪು ಇದ್ದೇ ಇರುತ್ತದೆ, ತುಂಬಿದ್ದರೂ ಖಾಲಿಯಿದ್ದರೂ. ಅವರಿಬ್ಬರೂ ಒಂದು ಕ್ಷಣ ಮುಖ ನೋಡಿಕೊಂಡರು ಎಂದು ಬರೆಯಬೇಕೆಂದು ಆಸೆಯಾಗುತ್ತದೆ. ನೋಡಿಕೊಂಡರೋ ಇಲ್ಲವೋ ಹೇಳಲಾರೆ. ನಾನು ಆಗ ದೊಡ್ಡಪ್ಪನನ್ನು ನೋಡುತ್ತಿದ್ದೆ.

ಅದಾದ ಮೇಲೆ ದೊಡ್ಡಪ್ಪ ಆ ಪ್ರಶ್ನೆ ಕೇಳಲಿಲ್ಲ. ಬದಲಾಗಿ ಹೇಳಲು ಶುರುಮಾಡಿದರು. ಶಾಪಿನಲ್ಲಿ, ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ. ಆವತ್ತು ಈಡು ಬಿಟ್ಟೆ, ಬೆಳ್ಳಕ್ಕಿ ಎಲ್ಲ ಎದ್ದವು, ಎಮ್ಮೆ ಹಗ್ಗ ಜಗ್ಗಿತು, ಹೊಗೆ ಬೇಲಿ ಮೇಲೆ ನಿಂತಿತ್ತು. ನನ್ನ ಹೆಸರು ನಾಲಿಗೆಗೆ ಬರದ ಕಾಲದಲ್ಲೂ ಇದನ್ನು ಹೇಳುತ್ತಿದ್ದರು. ಆಗಾಗ ನಾನು ಹೇಳಿರದ ಒಂದೆರಡು ವಿವರಗಳೂ ಬರುತ್ತಿದ್ದವು: ಹಿಡಿ ಹೆಗಲಿಗೆ ಒದ್ದದ್ದು, ಕಿವಿ ಗುಂಯ್ ಅಂದದ್ದು. ಅದು ಅವರಿಗೆ ಕಡೆಗೂ ನೆನಪಾಯಿತೋ, ಇಲ್ಲ ಬೇರೆ ಯಾವುದೋ ಈಡಿನದ್ದೋ. ಈಗ ಆ ಬೆಳಗಿನ ಬಗ್ಗೆ ಯೋಚಿಸಿದರೆ ನನಗೆ ನನ್ನ ಕಿವಿಯ ಢಂ ಕೇಳಿಸುವುದಿಲ್ಲ, ಅವರ ದನಿ ಕೇಳಿಸುತ್ತದೆ.

ಮೊನ್ನೆಯ ಚುನಾವಣೆಯಲ್ಲೂ ಕೋವಿಗಳು ಠಾಣೆಗೆ ಹೋದವು. ನಾನೀಗ ವಿನೋಬನಗರದಲ್ಲಿದ್ದೇನೆ. ಇಲ್ಲಿಯ ಪರಿಚಯದ ಕೆಲವರು ಏರ್‌ಗನ್, ಗಾಳ, ಕಾಡು ಎಂದು ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದಾರೆ, ನನ್ನನ್ನೂ ಸೇರಿಸಿದ್ದಾರೆ. ಒಳ್ಳೆಯ ಜನ. ಯಾರಾದರೂ ಮೀನು ಹಿಡಿದರೆ ಫೋಟೋ ಬರುತ್ತದೆ. ಅದರ ಪಕ್ಕದಲ್ಲೇ ಅಳತೆಯ ಟೇಪು, ಕೆಳಗೆ ತಾರೀಖು, ಜಾಗ. ಮೀನು ಎಷ್ಟಿತ್ತೋ ಅಷ್ಟೇ ಇರುತ್ತದೆ. ಅಲ್ಲಿ ಯಾರಾದರೂ ಒಂದೇ ಮಾತು ಎರಡು ಸಲ ಕೇಳಿದರೆ, ಮೇಲೆ ಹೋಗಿ ನೋಡಿ ಅನ್ನುತ್ತಾರೆ. ತಪ್ಪಿದವನನ್ನು ಕಥೆಯೊಳಗೆ ಬಚ್ಚಿಡಬಲ್ಲ ನಾಲ್ಕು ಜನ ಒಂದು ತಗಡಿನ ಚಪ್ಪರದ ಕೆಳಗೆ ಸೇರುತ್ತಿದ್ದರು ಎಂದು ಆ ಗುಂಪಿನಲ್ಲಿ ಹೇಗೆ ಹೇಳಲಿ? ರಾಗಿಗುಡ್ಡದ ಆ ಇಳಿಜಾರಿನಲ್ಲಿ ಮನೆಗಳಾಗಿವೆ. ದೊಡ್ಡಪ್ಪ ಇಲ್ಲ, ರಹೀಮ್ ಸಾಬರು ಇಲ್ಲ. ಸೆಲ್ವಂ ಮಾಮ ಕಾರ್ಖಾನೆ ಬಿಟ್ಟ ಮೇಲೆ ಮಗಳ ಜೊತೆ ಸೇಲಂ ಕಡೆ ಹೋದರು. ಅವರಿಗಂತೂ ಆ ದಿನ ಠಾಣೆಯ ಒಳಗೆ ಏನಾಯಿತು ಎಂಬುದು ಗೊತ್ತಿರುವ ಸಾಧ್ಯತೆಯಿಲ್ಲ.

ಅಪ್ಪನನ್ನು ನಾನು ಒಮ್ಮೆ ನೇರವಾಗಿ ಕೇಳಿದೆ, ಅವರು ತೀರಿಹೋಗುವ ಹಿಂದಿನ ವರ್ಷ. "ಗಜ ಇಳೀತೋ ಇಲ್ವೋ ನಂಗೊತ್ತಿಲ್ಲ. ಎಣ್ಣೆ ಅಂತೂ ಇಳೀತು," ಅಂದರು. ಸಾಬರನ್ನು ಕೇಳಲಿಲ್ಲವೇ ಅಂದೆ. ಇಲ್ಲ ಅಂದರು.

ಎಣಿಕೆ ಮುಗಿದು ಕೋವಿಗಳನ್ನು ವಾಪಸು ಕೊಡುವಾಗ ದೊಡ್ಡಪ್ಪ ಹೋಗಲಿಲ್ಲ. ನನಗಿನ್ನು ಬೇಡ, ಮಂಗ ಹಂದಿ ತಿಂದುಕೊಳ್ಳಲಿ ಅಂದರು. ಅಪ್ಪ ಅವರ ಸಹಿ ಮಾಡಿಸಿಕೊಂಡು ಹೋಗಿ, ಕೋವಿಯನ್ನು ಹೊರಗೆ ತರದೆ ಅಲ್ಲೇ ಸರ್ಕಾರಕ್ಕೆ ಬರೆದುಕೊಟ್ಟು ಬಂದರು. ಕೋವಿ ಅವರ ಮುಂದೆ ಮೇಜಿನ ಮೇಲೆ ಇತ್ತಂತೆ, ಗಜ ಅದರ ಕೆಳಗೇ ಸಿಕ್ಕಿಸಿತ್ತಂತೆ. ಎಳೆದು ಒಳಗೆ ಬಿಟ್ಟಿದ್ದರೆ ಒಂದು ನಿಮಿಷದ ಕೆಲಸ. ಜೀವಮಾನವೆಲ್ಲ ಅಳೆದ ಮನುಷ್ಯ ಅದೊಂದನ್ನು ಅಳೆಯಲಿಲ್ಲ. ಆ ಕೋವಿ ಆಮೇಲೆ ಎಲ್ಲಿಗೆ ಹೋಯಿತೋ ತಿಳಿಯದು. ಆ ಗುರುವಾರ ಅದರೊಳಗೆ ಈಡು ಇತ್ತೋ ಇರಲಿಲ್ಲವೋ, ಅದೂ ನನಗೆ ಗೊತ್ತಿಲ್ಲ.